ಬೇಗಂ ಬಜಾರಿನ ಚಹಾ ಚೀಲದ ಮೇಲಿದ್ದ ಊರು: ಕೋತಗಿರಿ

ಬೇಗಂ ಬಜಾರ್: ಈ ಬಜಾರಿನಲ್ಲಿ ಸಿಗದ ಸಾಮಾನಿಲ್ಲ ಎಂದು ಹೈದರಾಬಾದಿನ ಜನ ಹೇಳುವುದು ಸುಳ್ಳಲ್ಲ. ಎರಡನೇ ಅಸಫ್ ಜಾ ನಿಜಾಮ್ ಅಲಿ ಖಾನರ ಬೇಗಂ ಹಮ್ದಾ ಬೇಗಂ ಅವರು ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ಜಾಗ ಇದು ಎಂದು ಹಿರಿಯರು ಹೇಳುತ್ತಾರೆ. ಬಾದಾಮಿ, ಪಿಸ್ತಾ, ಅರಿಶಿಣ ಕೊಂಬು, ಹಿತ್ತಾಳೆ ಹಂಡೆ, ಮದುವೆ ಸಾಮಾನು, ಎಲ್ಲವೂ ಇಲ್ಲಿ ಸಗಟು. ನಾನು ಇದೇ ಬಜಾರಿನ ಬ್ಯಾಂಕ್ ಶಾಖೆಯೊಂದರಲ್ಲಿ ಬಹಳ ವರ್ಷ ಕೌಂಟರಿನ ಹಿಂದೆ ಕುಳಿತವನು. ಆದ್ದರಿಂದ ಯಾವ ಮಾಲು ಯಾವ ಊರಿನಿಂದ ಬರುತ್ತದೆ ಎಂಬುದು ಅಂಗಡಿಗೆ ಹೋಗದೆಯೇ ನನಗೆ ಗೊತ್ತಾಗುತ್ತಿತ್ತು. ದುಡ್ಡು ಎಲ್ಲಿಗೆ ಹೋಗುತ್ತದೋ ಮಾಲು ಅಲ್ಲಿಂದ ಬರುತ್ತದೆ, ಅಷ್ಟೇ ಲೆಕ್ಕ.

ಆರ್‌ಟಿಜಿಎಸ್ ಬರುವ ಮುಂಚೆ, ಅಂದರೆ 2004ಕ್ಕೆ ಮೊದಲು, ಚಹಾ ವ್ಯಾಪಾರಿಗಳು ಡಿ.ಡಿ. ಮಾಡಿಸಲು ಬರುತ್ತಿದ್ದರು. ಹೆಚ್ಚಿನ ಡಿ.ಡಿ.ಗಳು ಕೂನೂರಿಗೆ. ನೀಲಗಿರಿ ಚಹಾದ ಹರಾಜು ನಡೆಯುವುದು ಅಲ್ಲೇ. ಒಂದು ದಿನ ಚಹಾ ಅಂಗಡಿಯ ಸೇಠ್‌ಜಿಯೊಬ್ಬರ ಗೋದಾಮಿಗೆ ಸ್ಟಾಕ್ ನೋಡಲು ಹೋದಾಗ ಕಾಗದದ ದಪ್ಪ ಚೀಲಗಳ ಮೇಲೆ ಕಪ್ಪು ಮಸಿಯಲ್ಲಿ ಒತ್ತಿದ ಹೆಸರೊಂದು ಕಂಡಿತು. ಕಾರ್ಖಾನೆಯ ಹೆಸರಿನ ಕೆಳಗೆ ಕೋತಗಿರಿ, ನೀಲಗಿರೀಸ್ ಎಂದಿತ್ತು. "ಸಾಬ್, ಇದು ನಿಮ್ಮ ಕಡೆಯ ಮಾಲು" ಎಂದರು ಸೇಠ್‌ಜಿ. ಅವರಿಗೆ ಕೃಷ್ಣಾ ನದಿ ದಾಟಿದರೆ ಎಲ್ಲವೂ ನಮ್ಮ ಕಡೆಯೇ. "ಅದು ತಮಿಳುನಾಡು ಸೇಠ್‌ಜಿ, ನಮ್ಮದು ಕಲಬುರಗಿ ಕಡೆ" ಎಂದು ತಿದ್ದಿ ಬಂದೆ.

ತಿದ್ದಬೇಕಾಗಿದ್ದದ್ದು ನಾನೇ ಎಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಈಚೆಗೆ ಎಲ್‌ಎಫ್‌ಸಿ ಮೇಲೆ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಊಟಿ ಕಡೆ ಹೊರಟಾಗ, ಗದ್ದಲ ಬೇಡವೆಂದು ಊಟಿ ಬಿಟ್ಟು ಕೋತಗಿರಿಯಲ್ಲಿ ನಾಲ್ಕು ದಿನ ಉಳಿದೆವು. ಆ ಸಣ್ಣ ಬೆಟ್ಟದೂರಿನ ವಿಷಯ ನಮ್ಮ ಹೈದರಾಬಾದ್ ಕನ್ನಡಿಗರಿಗೆ ತಿಳಿಯಲಿ ಎಂದು ಈ ಲೇಖನ.

ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರದ ಎತ್ತರ

ಕೋತಗಿರಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಹತ್ತಿರ ಹತ್ತಿರ 6,000 ಅಡಿ. ನಮ್ಮ ಹೈದರಾಬಾದ್ ಸುಮಾರು 500 ಮೀಟರ್. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅದಕ್ಕಿಂತ ಸ್ವಲ್ಪವೇ ಕೆಳಗೆ ಇಲ್ಲಿ ಬಸ್ ಸ್ಟ್ಯಾಂಡು, ತರಕಾರಿ ಮಾರ್ಕೆಟ್ಟು, ಬ್ಯಾಂಕು, ಶಾಲೆಗಳಿರುವ ಊರೇ ಇದೆ. ಊಟಿಯಂತೂ 2,240 ಮೀಟರ್, ಮುಳ್ಳಯ್ಯನಗಿರಿಯ ತಲೆಯ ಮೇಲಕ್ಕೆ ಹೋಯಿತು. 2011ರ ಜನಗಣತಿಯಲ್ಲಿ ಕೋತಗಿರಿಯ ಜನಸಂಖ್ಯೆ 28 ಸಾವಿರ ಚಿಲ್ಲರೆ. ದೀಪಾವಳಿ ಮುಂದಿನ ಭಾನುವಾರ ಬೇಗಂ ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲದ್ದನ್ನು ಕಂಡವರಿಗೆ ಇದು ಊರೋ ಓಣಿಯೋ ಎನಿಸಬಹುದು.

ಮೆಟ್ಟುಪಾಳ್ಯಂನಿಂದ 33 ಕಿ.ಮೀ. ಘಾಟ್ ರಸ್ತೆ. ಕೆಳಗೆ ಅಡಿಕೆ ತೋಟ, ಮೇಲೇರಿದಂತೆ ಸಿಲ್ವರ್ ಓಕ್ ಮರ, ಆಮೇಲೆ ಕಣ್ಣು ಹಾಯಿಸಿದಷ್ಟೂ ಚಹಾ. ಬಸ್ಸಿನ ಕಿಟಕಿಯ ಗಾಜು ಮುಚ್ಚಿದ ಮೇಲೂ ಚಳಿ ಒಳಗೆ ಬರುತ್ತದೆ. ದೊಡ್ಡಬೆಟ್ಟದ ಸಾಲು ಪಶ್ಚಿಮಕ್ಕೆ ಅಡ್ಡ ನಿಂತಿರುವುದರಿಂದ ಮುಂಗಾರಿನ ಹೊಡೆತ ಇಲ್ಲಿಗೆ ಊಟಿಯಷ್ಟು ಬೀಳುವುದಿಲ್ಲ. ಇಲ್ಲಿ ಜೋರು ಮಳೆ ಅಕ್ಟೋಬರ್, ನವೆಂಬರ್ ತಿಂಗಳ ಹಿಂಗಾರಿನದು.

ಊರಿನ ಹೆಸರು ಬಂದದ್ದು ಕೋತರು ಎಂಬ ಬೆಟ್ಟದ ಜನರಿಂದ. ಕುಲುಮೆ, ಕುಂಬಾರಿಕೆ, ವಾದ್ಯ ಬಾರಿಸುವುದು ಇವರ ಹಳೆಯ ಕಸುಬು. ಕೋತರ ಗಿರಿ ಕೋತಗಿರಿ ಎಂದು ಕೆಲವರು, ಕೋತರ ಕೇರಿ ಕೋತಗೇರಿ ಎಂದು ಇನ್ನು ಕೆಲವರು. ಎಮ್ಮೆ ಸಾಕುವ ತೊದವರು, ಕಾಡಿನ ಜೇನು ಇಳಿಸುವ ಕುರುಂಬರು ಮತ್ತು ಇರುಳರು, ಬೇಸಾಯ ಮಾಡುವ ಬಡಗರು, ಇವರೆಲ್ಲ ಒಬ್ಬರ ಸಾಮಾನನ್ನು ಇನ್ನೊಬ್ಬರು ಪಡೆದು ಒಂದೇ ಬೆಟ್ಟದಲ್ಲಿ ಶತಮಾನಗಳ ಕಾಲ ಬದುಕಿದವರು.

ನಮ್ಮ ಕಿವಿ ನೆಟ್ಟಗಾದದ್ದು ಬಡಗರ ಮಾತಿಗೆ.

ಬಸ್ ಸ್ಟ್ಯಾಂಡಿನಲ್ಲಿ ಕೇಳಿದ ಮಾತು

ಬಸ್ಸಿನಿಂದ ಇಳಿದು ಲಗೇಜು ಎಣಿಸುತ್ತಿದ್ದೆವು. ಬಿಳಿ ಬಟ್ಟೆ ಹೊದ್ದ ವಯಸ್ಸಾದ ಹೆಣ್ಣುಮಕ್ಕಳಿಬ್ಬರು ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ನಮ್ಮ ಮನೆಯವರು ನನ್ನ ತೋಳು ಜಗ್ಗಿ, "ರೀ, ಇವರು ಹಬ್ಬದ ವಿಷಯ ಮಾತಾಡಲತ್ತಾರ" ಎಂದರು. ನಾನೂ ಕಿವಿಗೊಟ್ಟೆ. ಹಬ್ಬ, ಹಟ್ಟಿ, ಮನೆ, ಹಳ್ಳ ಎಂಬ ಮಾತುಗಳು ಒಂದರ ಹಿಂದೊಂದು ಬಂದವು. ತಮಿಳು ಖಂಡಿತ ಅಲ್ಲ. ಕನ್ನಡವೂ ನೆಟ್ಟಗೆ ಅಲ್ಲ. ಬಾಗಿಲ ಸಂದಿಯಿಂದ ಕೇಳುವ ಪಕ್ಕದ ಮನೆಯ ಮಾತಿನಂತೆ ಅರ್ಧ ತಿಳಿಯಿತು, ಅರ್ಧ ಜಾರಿತು. ಮನೆಯವರು ಸುಮ್ಮನಿರುವವರಲ್ಲ. "ಯಾವ ಊರ್ರೀ ಅಕ್ಕಾರ?" ಎಂದು ನಮ್ಮ ಕಲಬುರಗಿ ಕನ್ನಡದಲ್ಲೇ ಕೇಳಿಬಿಟ್ಟರು. ಅವರು ನಕ್ಕು ತಮ್ಮ ಹಟ್ಟಿಯ ಹೆಸರು ಹೇಳಿದರು, ನಮ್ಮ ಊರು ಕೇಳಿದರು, ಮಗಳ ಮದುವೆ ಆಯಿತೇ ಎಂದೂ ಕೇಳಿದರು. ಈ ಕೊನೆಯ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ತಿಳಿಯುತ್ತದೆ ಎಂದು ಮಗಳು ಆಮೇಲೆ ಗೊಣಗಿದಳು.

ಬಡಗ ಎಂದರೆ ಬಡಗಣ ದಿಕ್ಕಿನವನು, ಉತ್ತರದವನು. ಉತ್ತರ ಎಂದರೆ ಬೆಟ್ಟದ ಆಚೆಯ ಮೈಸೂರು ಸೀಮೆ. ಏಳು ಜನ ಅಣ್ಣತಮ್ಮಂದಿರು ತಂಗಿಯ ಮಾನ ಉಳಿಸಲು ರಾತ್ರೋರಾತ್ರಿ ಬೆಟ್ಟ ಹತ್ತಿದರು ಎಂಬ ಕಥೆ ಅವರ ಹಟ್ಟಿಗಳಲ್ಲಿ ಪ್ರಚಲಿತ. 1565ರಲ್ಲಿ ವಿಜಯನಗರ ಬಿದ್ದ ನಂತರದ ಗೊಂದಲದಲ್ಲಿ ಗುಂಪುಗುಂಪಾಗಿ ಬಂದರು ಎಂಬುದು ಅವರ ಬಗ್ಗೆ 1962ರಿಂದ ಸಂಶೋಧನೆ ಮಾಡಿದ ಪಾಲ್ ಹಾಕಿಂಗ್ಸ್ ಅವರ ಅಭಿಪ್ರಾಯ. ಅದಕ್ಕಿಂತ ಹಿಂದೆಯೇ ಇಲ್ಲಿದ್ದೆವು ಎಂದು ಬಡಗರಲ್ಲೇ ಹಲವರು ವಾದಿಸುತ್ತಾರೆ. 1603ರಲ್ಲಿ ಕಲ್ಲಿಕೋಟೆ ಕಡೆಯಿಂದ ಬೆಟ್ಟ ಹತ್ತಿದ ಜೆಸ್ವಿಟ್ ಪಾದ್ರಿ ಫಿನಿಸಿಯೊ ತೊದವರ ಜೊತೆಗೆ ಬಡಗರ ಹೆಸರನ್ನೂ ಬರೆದಿಟ್ಟಿರುವುದರಿಂದ, ಆ ಹೊತ್ತಿಗೆ ಅವರು ಇಲ್ಲಿ ನೆಲೆಸಿದ್ದರು ಎಂಬುದು ಮಾತ್ರ ನಿಶ್ಚಯ.

ಅವರು ತಮ್ಮ ನಾಡನ್ನು ಕರೆಯುವುದು ನಾಕುಬೆಟ್ಟ ಎಂದು. ತೊದನಾಡು, ಮೇಕುನಾಡು, ಪೊರಂಗಾಡು, ಕುಂದೆ ಎಂದು ನಾಲ್ಕು ಸೀಮೆ, ಕೋತಗಿರಿ ಪೊರಂಗಾಡಿಗೆ ಸೇರಿದ್ದು. ನೀಲಗಿರಿಯ ಅತಿ ಎತ್ತರದ ಶಿಖರದ ಹೆಸರು ದೊಡ್ಡಬೆಟ್ಟ, 2,637 ಮೀಟರ್. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಓದಿ 'ಡೋಡಾಬೆಟಾ' ಎನ್ನುವ ಪ್ರವಾಸಿಗರಿಗೆ ಅದು ದೊಡ್ಡ ಬೆಟ್ಟ ಎಂದು ಹೇಳುವವರು ಯಾರು? ಕೋತಗಿರಿಯ ಹತ್ತಿರದ ಕ್ಯಾಥರೀನ್ ಜಲಪಾತಕ್ಕೆ ಆ ಹೆಸರು ಬಂದದ್ದು ಇಲ್ಲಿ ಕಾಫಿ ತಂದ ಕಾಕ್‌ಬರ್ನ್ ಎಂಬ ದೊರೆಯ ಹೆಂಡತಿಯಿಂದ. ಹಟ್ಟಿಯವರು ಅದನ್ನು ಗೆದ್ದೆಹಾಡ ಹಳ್ಳ ಎನ್ನುತ್ತಾರೆ. ತಮಿಳು, ಇಂಗ್ಲಿಷ್ ಬೋರ್ಡುಗಳ ಕೆಳಗೆ ಊರಿನ ನಿಜವಾದ ಹೆಸರುಗಳು ಹೀಗೆ ಅವಿತುಕೊಂಡಿವೆ.

ಹೊಯ್ಸಳರ ಶಾಸನದಿಂದ ಸಲ್ಲಿವನ್ ಸಾಹೇಬನವರೆಗೆ

ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ 1117ರ ಶಾಸನವೊಂದಿದೆ. ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದ ಸಂಗತಿ ಅದರಲ್ಲಿದೆ. ನೀಲಗಿರಿಯ ಹೆಸರೂ ತೊದವರ ಹೆಸರೂ ಬರುವ ಅತಿ ಹಳೆಯ ಬರಹಗಳಲ್ಲಿ ಇದೊಂದು ಎಂಬುದು ಕನ್ನಡಿಗರು ನೆನಪಿಡಬೇಕಾದ ವಿಷಯ. ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಹೊಯ್ಸಳರ ಇನ್ನೊಬ್ಬ ದಂಡನಾಯಕ ಬೆಟ್ಟದ ಬುಡದಲ್ಲಿ ಕೋಟೆ ಕಟ್ಟಿ ಆಳಿದ. ಆ ದಣಾಯಕನ ಕೋಟೆ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನೊಳಗೆ ಹೋಯಿತು. ಬರಗಾಲದಲ್ಲಿ ನೀರು ಇಳಿದರೆ ಹಳೆಯ ಗುಡಿ ಮೇಲೆ ಕಾಣುತ್ತದೆ. ಕೋತಗಿರಿಯಿಂದ ಕೊಡನಾಡಿಗೆ ಹೋಗಿ ವ್ಯೂ ಪಾಯಿಂಟಿನಲ್ಲಿ ನಿಂತರೆ ರಂಗಸ್ವಾಮಿ ಬೆಟ್ಟ, ಕೆಳಗೆ ಮೋಯಾರ್ ಕಣಿವೆ, ದೂರದಲ್ಲಿ ಆ ಜಲಾಶಯದ ಹೊಳಪು ಎಲ್ಲವೂ ಒಟ್ಟಿಗೆ ಕಾಣುತ್ತವೆ. ನಾವು ಹೋದ ದಿನ ಮಂಜು ಮುಸುಕಿತ್ತು. ಮುಕ್ಕಾಲು ಗಂಟೆ ಕಾದ ಮೇಲೆ ಐದು ನಿಮಿಷ ತೆರೆಯಿತು, ಅಷ್ಟರಲ್ಲೇ ಮಗಳು ಫೋಟೋ ತೆಗೆದುಕೊಂಡಳು.

1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೂ ಈ ಬೆಟ್ಟ ಮೈಸೂರಿನ ಕೈಯಲ್ಲಿತ್ತು. ಆಮೇಲೆ ಕಂಪನಿ ಸರ್ಕಾರಕ್ಕೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿ ಬಂದು ಮೊದಲು ತಂಗಿದ್ದು ಊಟಿಯಲ್ಲಲ್ಲ, ಕೋತಗಿರಿಯ ಪಕ್ಕದ ದಿಂಬಟ್ಟಿಯಲ್ಲಿ. ಊಟಿ ಪಟ್ಟಣ ಎದ್ದದ್ದು ಅದರ ನಂತರ. ಹತ್ತಿರದ ಕನ್ನೇರಿಮುಕ್ಕಿನಲ್ಲಿ ಅವನು ಕಟ್ಟಿಸಿದ ಬಂಗಲೆಯನ್ನು ದುರಸ್ತಿ ಮಾಡಿ ಈಗ ಸ್ಮಾರಕವಾಗಿ ಇಟ್ಟಿದ್ದಾರೆ. ಕೆಂಪು ಬಣ್ಣದ ಸಣ್ಣ ಕಟ್ಟಡ, ಒಳಗೆ ಬೆಟ್ಟದ ಜನರ ಹಳೆಯ ಫೋಟೋಗಳಿವೆ. ಒಂದು ಗಂಟೆ ಸಾಕು.

ಊಟಿಯವರೆಗೆ ರೈಲು ಬಂದದ್ದು 1908ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ನಮ್ಮ ಅಫ್ಜಲ್ ಗಂಜ್, ಬೇಗಂ ಬಜಾರ್ ಸುತ್ತಮುತ್ತ ಸಾವಿರಾರು ಜನ ತೀರಿಕೊಂಡದ್ದು. ಬೆಟ್ಟದ ರೈಲಿನ ಗುತ್ತಿಗೆಯಲ್ಲಿ ದುಡಿದವರಲ್ಲಿ ಹುಬ್ಬತಲೆಯ ಬೆಳ್ಳಿ ಗೌಡರು ಒಬ್ಬರು. ತಮಿಳಿನವರು ಗೌಡರ್ ಎಂದು ಬರೆಯುವುದರಿಂದ ನಮಗೆ ಗುರುತು ಹತ್ತುವುದಿಲ್ಲ. ಅವರ ಮಗ ಆರಿ ಗೌಡರು ಬಡಗರಲ್ಲಿ ಮೊದಲ ಪದವೀಧರರು. ಆಲೂಗಡ್ಡೆ ಬೆಳೆದವನಿಗೆ ದಲ್ಲಾಳಿಯಿಂದ ಬಿಡುಗಡೆ ಸಿಗಲಿ ಎಂದು 1935ರಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘ ಕಟ್ಟಿದರು. ಅಕ್ಕಮ್ಮ ದೇವಿಯವರು ಬಡಗ ಹೆಣ್ಣುಮಕ್ಕಳಲ್ಲಿ ಮೊದಲ ಪದವೀಧರೆ. 1962ರಲ್ಲಿ ನೀಲಗಿರಿಯಿಂದ ಲೋಕಸಭೆಗೆ ಆರಿಸಿ ಬಂದರು. ಬಡಗರಲ್ಲಿ ವರದಕ್ಷಿಣೆ ಕೊಡುವ ಪದ್ಧತಿ ಇಲ್ಲ. ನಮ್ಮ ಸಂಘದ ವಧೂವರರ ಸಮಾವೇಶಗಳಲ್ಲಿ ಮೂಲೆಯಲ್ಲಿ ನಡೆಯುವ ಮಾತುಕತೆ ಕೇಳಿದವರು ಇದನ್ನು ಎರಡು ಸಲ ಓದಬೇಕು.

ಅವರಲ್ಲಿ ಒಡೆಯ ಎಂಬ ಪಂಗಡದವರು ಲಿಂಗಾಯತರು. ಹೆಚ್ಚಿನವರ ಕುಲದೇವತೆ ಹೆತ್ತೆ, ಅಂದರೆ ಅಜ್ಜಿ. ಕೋತಗಿರಿ ಹತ್ತಿರದ ಬೇರಗಣಿಯಲ್ಲಿ ಡಿಸೆಂಬರ್-ಜನವರಿ ಸುಮಾರಿಗೆ ಹೆತ್ತೆ ಹಬ್ಬ. ಬಿಳಿ ಬಟ್ಟೆ ಉಟ್ಟ ಸಾವಿರಾರು ಜನ ಬೆಟ್ಟದ ಹಾದಿಯಲ್ಲಿ ನಡೆದು ಬರುತ್ತಾರಂತೆ. ನಾವು ಹೋದಾಗ ಹಬ್ಬ ಮುಗಿದಿತ್ತು. ಕಿರಿಯರು ತಲೆ ಬಾಗಿಸುವುದು, ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುವುದು ಮಾತ್ರ ದಿನವೂ ಬೀದಿಯಲ್ಲೇ ಕಾಣುತ್ತದೆ.

ಚಹಾದ ಲೆಕ್ಕ

ಬ್ಯಾಂಕಿನವನು ಊರು ನೋಡಲು ಹೋದರೂ ಲೆಕ್ಕ ಕೇಳದೆ ಬರುವುದಿಲ್ಲ. ಮೊದಲು ಈ ಹಟ್ಟಿಗಳ ಸುತ್ತ ರಾಗಿ, ಸಾಮೆ, ಕೊರಲೆ ಬೆಳೆಯುತ್ತಿದ್ದರು. ಇಂಗ್ಲಿಷರು ಬಂದ ಮೇಲೆ ಆಲೂಗಡ್ಡೆ ದುಡ್ಡಿನ ಬೆಳೆಯಾಯಿತು. 1961ರಲ್ಲಿ ಆಲೂಗಡ್ಡೆಯ ಬೇರಿಗೆ ಹತ್ತುವ ಕಣ್ಣಿಗೆ ಕಾಣದ ಹುಳು ನೀಲಗಿರಿಯಲ್ಲಿ ಪತ್ತೆಯಾಯಿತು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥದ್ದು. ಆಲೂಗಡ್ಡೆ ನಂಬಿದವರು ಮೆಲ್ಲಗೆ ಚಹಾ ಕಡೆ ವಾಲಿದರು. ಚಹಾ ಇಲ್ಲಿಗೆ ಹೊಸತಲ್ಲ, ಕೋತಗಿರಿಯ ಸಮೀಪ ಕಾಕ್‌ಬರ್ನ್ ಮನೆತನದ ಹೆಣ್ಣುಮಗಳು 1863ರಲ್ಲೇ ತೋಟ ಹಾಕಿದ್ದಳು. ಆದರೆ ಅದು ದೊರೆಗಳ ಬೆಳೆ. ಎಕರೆ, ಅರ್ಧ ಎಕರೆಯ ರೈತನಿಗೆ ಚಹಾ ಬಂದದ್ದು ಸ್ವಾತಂತ್ರ್ಯದ ನಂತರ, 1960ರ ದಶಕದಿಂದ ಎದ್ದ ಸಹಕಾರಿ ಕಾರ್ಖಾನೆಗಳ ಆಸರೆಯಿಂದ. ಈಗ ಅಂಥ 16 ಕಾರ್ಖಾನೆಗಳು ಇಂಡ್‌ಕೋಸರ್ವ್ ಎಂಬ ಒಕ್ಕೂಟದಲ್ಲಿವೆ.

ಒಂದು ಕಿಲೋ ಚಹಾ ಪುಡಿಯಾಗಲು ನಾಲ್ಕು ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ಎಲೆ ಕಿತ್ತ ದಿನವೇ ಕಾರ್ಖಾನೆಗೆ ಹೋಗಬೇಕು, ಈರುಳ್ಳಿಯಂತೆ ಬೆಲೆ ಬರಲಿ ಎಂದು ಕೂಡಿಡುವಂತಿಲ್ಲ. ಬೆಲೆ ಹೇಳುವವನು ಕೊಳ್ಳುವವನೇ. 1990ರ ದಶಕದ ಕೊನೆಗೆ ಬೆಲೆ ಕುಸಿದಾಗ ಆದ ಗಾಯ ಇನ್ನೂ ಮಾಯ್ದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೋತಗಿರಿ ಹತ್ತಿರ ಸಣ್ಣ ಬೆಳೆಗಾರರು ಸರದಿ ಉಪವಾಸ ಕೂತು, ಹಸಿ ಎಲೆಗೆ ಕಿಲೋಗೆ 33 ರೂಪಾಯಿ 50 ಪೈಸೆ ಕೊಡಿ ಎಂದು ಕೇಳಿದರು. ಕೈಗೆ ಬರುತ್ತಿರುವುದು ಖರ್ಚಿಗೂ ಸಾಲದು ಎಂಬುದು ಅವರ ದೂರು. ಬೇಗಂ ಬಜಾರಿನ ಗೋದಾಮಿನಲ್ಲಿ ಚೀಲದ ಬೆಲೆ ಎರಡು ರೂಪಾಯಿ ಇಳಿದಾಗ ಸೇಠ್‌ಜಿಯ ಮುಖ ಅರಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಎರಡು ರೂಪಾಯಿ ಯಾರ ಕಿಸೆಯಿಂದ ಹೋಯಿತು ಎಂದು ಆಗ ಯೋಚಿಸಿರಲಿಲ್ಲ.

ಇನ್ನೊಂದು ಭಯ ಮಳೆಯದು. 2009ರ ನವೆಂಬರಿನಲ್ಲಿ ಕೇತಿ ಕಣಿವೆಯಲ್ಲಿ ಒಂದೇ ದಿನ 820 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಹೈದರಾಬಾದಿಗೆ ಇಡೀ ವರ್ಷ ಬೀಳುವಷ್ಟು ಮಳೆ ಅದು. ಗುಡ್ಡ ಕುಸಿದು ನೀಲಗಿರಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಇಳಿಜಾರಿನಲ್ಲಿ ಹೊಸ ರೆಸಾರ್ಟಿನ ಅಡಿಪಾಯ ಕಂಡರೆ ಕೋತಗಿರಿಯ ಹಿರಿಯರು ಈಗಲೂ ಆ ನವೆಂಬರನ್ನು ನೆನೆಯುತ್ತಾರೆ. ಸಮಾಧಾನದ ಸುದ್ದಿ ಒಂದಿದೆ. ಊರಿಗೆ ಅಂಟಿಕೊಂಡಿರುವ ಲಾಂಗ್‌ವುಡ್ ಶೋಲಾ ಎಂಬ 116 ಹೆಕ್ಟೇರ್ ಹಳೆಯ ಕಾಡನ್ನು 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದರು. ಅದೇ ವೇಳೆ ಆ ಪಟ್ಟಿಗೆ ಸೇರಿದ ನಮ್ಮ ರಾಜ್ಯದ ಜಾಗಗಳು ಅಂಕಸಮುದ್ರ, ಅಘನಾಶಿನಿ ಮತ್ತು ಮಾಗಡಿ ಕೆರೆ. ಶೋಲಾ ಕಾಡು ಸ್ಪಂಜಿನಂತೆ ಮಳೆ ಹೀರಿ ಬೇಸಿಗೆಯಲ್ಲಿ ನೀರು ಬಿಡುತ್ತದೆ, ಸುತ್ತಲ ಹಟ್ಟಿಗಳ ಕುಡಿಯುವ ನೀರು ಅದರದ್ದೇ. ಒಳಗೆ ಹೋದರೆ ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಆರರ ಬೆಳಕು.

ಓದಲು ಬಾರದ ಪುಸ್ತಕ

ಮೂರನೆಯ ದಿನ ನಾವು ಉಳಿದಿದ್ದ ಮನೆಯವರು ಒಬ್ಬ ನಿವೃತ್ತ ಮಾಸ್ತರರ ಪರಿಚಯ ಮಾಡಿಸಿದರು. ಹೈದರಾಬಾದಿನಿಂದ ಕನ್ನಡ ಓದಬಲ್ಲವರೊಬ್ಬರು ಬಂದಿದ್ದಾರೆ ಎಂದು ಯಾರೋ ಹೇಳಿದ್ದರಂತೆ, ಅವರೇ ಹುಡುಕಿಕೊಂಡು ಬಂದರು. ವಯಸ್ಸು ಎಪ್ಪತ್ತು ದಾಟಿದೆ, ಹೆಗಲ ಮೇಲೆ ಬಿಳಿ ಸೀಲೆ. ನಮ್ಮನ್ನು ಮನೆಗೆ ಕರೆದೊಯ್ದು ಚಹಾ, ಮೇಲೆ ತುಪ್ಪದಿಟ್ಟು ಎಂಬ ಕರಿದ ಸಿಹಿ ಕೊಟ್ಟು, ಪ್ಲಾಸ್ಟಿಕ್ ಕವರಿನಿಂದ ಝೆರಾಕ್ಸ್ ಹಾಳೆಗಳ ಒಂದು ಕಟ್ಟು ತೆಗೆದರು.

ಈ ಹಾಳೆಗಳ ಹಿನ್ನೆಲೆ ಹೇಳಬೇಕು. ಬಡಗ ಭಾಷೆಗೆ ತನ್ನದೇ ಎಂದು ರೂಢಿಯಾದ ಲಿಪಿ ಇಲ್ಲ. 1840ರ ದಶಕದಲ್ಲಿ ಕೇತಿಗೆ ಬಂದ ಬಾಸೆಲ್ ಮಿಷನ್ನಿನವರು ಅದನ್ನು ಬರೆದದ್ದು ಕನ್ನಡ ಲಿಪಿಯಲ್ಲಿ. ಅವರ ಮಂಗಳೂರು ಪ್ರೆಸ್ಸಿನಲ್ಲಿ 1890ರಲ್ಲಿ ಅಚ್ಚಾದ ಬಡಗ ಪುಸ್ತಕವೊಂದರ ಹೆಸರಿನಲ್ಲಿ 'ಒಳ್ಳೆಯ ಸುದ್ದಿಯ ಪುಸ್ತಕ' ಎಂಬ ಮಾತೇ ಇದೆ. ಶುದ್ಧ ಕನ್ನಡವೇ ಅಲ್ಲವೇ? ಕಾಲಕ್ರಮದಲ್ಲಿ ಶಾಲೆಗಳು ತಮಿಳಿನವಾದವು, 1956ರ ರಾಜ್ಯ ವಿಂಗಡಣೆಯಲ್ಲಿ ಜಿಲ್ಲೆ ಮದರಾಸಿನಲ್ಲೇ ಉಳಿಯಿತು. ಕನ್ನಡ ಅಕ್ಷರ ಬಲ್ಲ ತಲೆಮಾರು ಹೋಯಿತು. ಮಾಸ್ತರರ ಕೈಯಲ್ಲಿದ್ದದ್ದು ಅಂಥ ಪುಸ್ತಕದ ಕೆಲವು ಪುಟಗಳು. ಅವರ ಅಜ್ಜ ಓದುತ್ತಿದ್ದರಂತೆ. ಮನೆಯಲ್ಲಿ ಈಗ ಯಾರಿಗೂ ಅಕ್ಷರ ಗೊತ್ತಿಲ್ಲ.

ನಾನು ಕನ್ನಡಕ ಹಾಕಿಕೊಂಡು ಓದತೊಡಗಿದೆ. ಅಕ್ಷರ ನನ್ನವು, ಮಾತು ಅವರದು. ಮಧ್ಯೆ ಮಧ್ಯೆ ನನಗೆ ಅರ್ಥ ತಪ್ಪುತ್ತಿತ್ತು, ಅವರಿಗೆ ತಪ್ಪುತ್ತಿರಲಿಲ್ಲ. 'ಇಬ್ಬ' ಎಂಬ ಮಾತನ್ನು ನಾನು ಒಬ್ಬ, ಇಬ್ಬರ ಲೆಕ್ಕಕ್ಕೆ ಹಾಕಿದ್ದೆ. ಅದು ಇಬ್ಬರಲ್ಲ, 'ಇರುವ' ಎಂದು ಅವರು ತಿಳಿಸಿದರು. ಬಡಗದಲ್ಲಿ ನಾಲಿಗೆ ಹಿಂದಕ್ಕೆ ಮಡಿಚಿ ಹೇಳುವ ಸ್ವರಗಳಿವೆ. ಎಮಿನೋ ಎಂಬ ಭಾಷಾಶಾಸ್ತ್ರಜ್ಞರು 1939ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದಾರೆ. ನಮ್ಮ ಕಾಗುಣಿತದಲ್ಲಿ ಅದಕ್ಕೆ ಗುರುತಿಲ್ಲ. ಆದ್ದರಿಂದ ನಾನು ಓದಿದ ಕೆಲವು ಶಬ್ದಗಳಿಗೆ ಮೊಮ್ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಅಡುಗೆಮನೆಯಿಂದ ಸೊಸೆ ಬಂದು ಬಾಗಿಲಲ್ಲಿ ನಿಂತರು. ಒಂದು ಪುಟ ಮುಗಿದಾಗ ಮಾಸ್ತರರು ಇನ್ನೊಂದು ಓದಿ ಎಂದರು. ಹೀಗೆ ನಾಲ್ಕು ಪುಟ ಆಯಿತು.

2011ರ ಜನಗಣತಿಯಲ್ಲಿ ಬಡಗ ಮಾತಾಡುವವರು ಸುಮಾರು 1 ಲಕ್ಷ 33 ಸಾವಿರ. ಜನಗಣತಿಯವರು ಅದನ್ನು ಕನ್ನಡದ ಕೆಳಗೆ ಸೇರಿಸಿ ಎಣಿಸುತ್ತಾರೆ. ಇದು ಎಲ್ಲ ಬಡಗರಿಗೂ ಒಪ್ಪಿಗೆಯಿಲ್ಲ. ಬಡಗ ಸ್ವತಂತ್ರ ಭಾಷೆ ಎಂದು ಭಾಷಾಶಾಸ್ತ್ರಜ್ಞರಲ್ಲೂ ಹೇಳುವವರಿದ್ದಾರೆ. 1992ರಲ್ಲಿ ಹಾಕಿಂಗ್ಸ್ ಮತ್ತು ಪಿಲೋ-ರೈಶೂರ್ ಸೇರಿ ದೊಡ್ಡ ಬಡಗ-ಇಂಗ್ಲಿಷ್ ನಿಘಂಟನ್ನೇ ಹೊರತಂದಿದ್ದಾರೆ. 1979ರಲ್ಲಿ 'ಕಾಲ ತಪ್ಪಿದ ಪಯಿಲು' ಎಂಬ ಸಿನಿಮಾ ಬಂದಿತ್ತು, ಪಯಿಲು ಎಂದರೆ ನಮ್ಮ ಪೈರು. ನಾವು ಅವರನ್ನು ನಮ್ಮವರು ಎಂದು ಅಪ್ಪಿಕೊಳ್ಳುವ ಉತ್ಸಾಹದಲ್ಲಿ ಅವರ ಮಾತನ್ನು ಹಾಳಾದ ಕನ್ನಡ ಎಂದುಬಿಟ್ಟರೆ ಅದು ಅಪ್ಪುಗೆಯಲ್ಲ. ನಾನೂ ಮೊದಲ ದಿನ ಹಾಗೇ ಅಂದುಕೊಂಡಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಯುನೆಸ್ಕೊ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಬಡಗವನ್ನು ಸೇರಿಸಿದೆ. ಮಾಸ್ತರರ ಮೊಮ್ಮಕ್ಕಳು ತಮ್ಮತಮ್ಮಲ್ಲಿ ಜಗಳಾಡಿದ್ದು ತಮಿಳಿನಲ್ಲಿ. ಜಗಳ ಯಾವ ಭಾಷೆಯಲ್ಲಿ ಬರುತ್ತದೋ ಅದೇ ಮಕ್ಕಳ ಭಾಷೆ ಎಂದು ಅವರೇ ಹೇಳಿದರು.

ದಾರಿಯಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಅವಳು ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲಿ. ಕಾಚಿಗೂಡದ ನೃಪತುಂಗ ಶಾಲೆ ನಮ್ಮ ಮನೆಗೆ ದೂರವಾಯಿತೆಂದು ಹತ್ತಿರದ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ನನ್ನದೇ ತೀರ್ಮಾನ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಬಂದರೆ ನಾಟಕ ನೋಡಿ ನಗುತ್ತಾಳೆ, ಆಮಂತ್ರಣ ಪತ್ರಿಕೆ ಮಾತ್ರ ನಾನು ಓದಿ ಹೇಳಬೇಕು. "ಅಪ್ಪಾ, ನಾನೂ ಆ ಮಾಸ್ತರ್ ಹಂಗೇ ಅಲ್ಲಾ? ಕೇಳಿದ್ರ ತಿಳೀತದ, ಓದಾಕ ಬರಂಗಿಲ್ಲ" ಎಂದಳು. ನಾನು ಉತ್ತರ ಕೊಡದೆ ಕಿಟಕಿ ಆಚೆ ನೋಡಿದೆ. ಮನೆಯವರು ಚಕ್ಕುಲಿ ಪೊಟ್ಟಣ ಬಿಚ್ಚಿದರು.

ಹೋಗಬಯಸುವವರಿಗೆ

ಸಿಕಂದರಾಬಾದಿನಿಂದ ಶಬರಿ ಎಕ್ಸ್‌ಪ್ರೆಸ್‌ನಲ್ಲಿ ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಮೆಟ್ಟುಪಾಳ್ಯಂ ಮಾರ್ಗವಾಗಿ ಕೋತಗಿರಿ ಸೇರಬಹುದು. ಮೈಸೂರಿನಿಂದ ಬರುವವರು ಬಂಡೀಪುರದ ಕಾಡಿನ ದಾರಿಯಲ್ಲಿ ಊಟಿಗೆ ಬಂದು ಮುಂದೆ ಸುಮಾರು 30 ಕಿ.ಮೀ. ಸ್ವಂತ ಕಾರಿನವರು ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಬಂದಿರುವ ಇ-ಪಾಸ್ ವಿಷಯವನ್ನು ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಪ್ಲಾಸ್ಟಿಕ್ ನೀರಿನ ಬಾಟಲಿ ಬೆಟ್ಟದಲ್ಲಿ ನಿಷೇಧ, ಸ್ಟೀಲ್ ಬಾಟಲಿ ಒಯ್ಯಿರಿ. ಸ್ವೆಟರ್ ಮರೆಯಬೇಡಿ. ಕುರುಂಬರು, ಇರುಳರು ಇಳಿಸಿದ ಕಾಡು ಜೇನು ಕೋತಗಿರಿಯಲ್ಲಿ ಸಿಗುತ್ತದೆ, ಬೆಲೆ ಹೆಚ್ಚೆನಿಸಿದರೂ ಕೊಳ್ಳಬಹುದು. ಜೊತೆಗೆ ವಯಸ್ಸಾದವರು ಇದ್ದರೆ ಅಲ್ಲಿಯವರ ಜೊತೆ ಕನ್ನಡದಲ್ಲೇ ಮೆಲ್ಲಗೆ ಮಾತಾಡಿಸಿ ನೋಡಿ.

ವಾಪಸು ಬಂದ ಮೇಲೆ ಚಹಾ ಅಂಗಡಿಗೆ ಹೋಗಿ ಸೇಠ್‌ಜಿಗೆ, "ನೀವು ಅಂದು ಹೇಳಿದ್ದು ಪೂರ್ತಿ ತಪ್ಪಲ್ಲ" ಎಂದೆ. ಅವರಿಗೆ ನೆನಪಿರಲಿಲ್ಲ. ಈಗ ಅಂಗಡಿಯಲ್ಲಿ ಮಗ ಕೂರುತ್ತಾನೆ, ಇವರು ಬಾಗಿಲಲ್ಲಿ ಪೇಪರ್ ಓದುತ್ತಾರೆ. ಒಳ್ಳೆಯ ಡಸ್ಟ್ ಒಂದು ಕಿಲೋ ಕಟ್ಟಿಸಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಬೀಳ್ಕೊಡುವಾಗ ಮಾಸ್ತರರು ಒಂದೇ ಒಂದು ಕೋರಿಕೆ ಇಟ್ಟಿದ್ದರು: ಮಕ್ಕಳಿಗೆ ಅಕ್ಷರ ಕಲಿಸುವ ಸಣ್ಣ ಕನ್ನಡ ಪುಸ್ತಕ ಇದ್ದರೆ ಕಳಿಸಿ, ಉಳಿದ ಪುಟಗಳನ್ನು ನಾನೇ ಓದಿಕೊಳ್ಳುತ್ತೇನೆ. ಹೋದ ತಿಂಗಳು ಕಲಬುರಗಿಗೆ ಮದುವೆಗೆ ಹೋದಾಗ ಸೂಪರ್ ಮಾರ್ಕೆಟ್ಟಿನಲ್ಲಿ ಅಂಕಲಿಪಿ ಕೊಂಡೆ, ಎರಡು ಪ್ರತಿ. ಒಂದನ್ನು ಪೋಸ್ಟಿನಲ್ಲಿ ಕೋತಗಿರಿಗೆ ಕಳಿಸಿದೆ. ಇನ್ನೊಂದು ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿದೆ. ಮಗಳು 'ಠ'ವರೆಗೆ ಬಂದಿದ್ದಾಳೆ.